ಮಗುವಿನ ಜೊತೆ ನೀವೂ ಹಾಸಿಗೆ ಹಿಡಿದಾಗ: ಮನೆಯಲ್ಲೇ ಇಬ್ಬರನ್ನೂ ನೋಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಮಗುವಿಗೆ ಜ್ವರ ಬಂದು, ಎರಡು-ಮೂರು ರಾತ್ರಿ ನಿದ್ದೆಗೆಟ್ಟು ನೋಡಿಕೊಂಡ ಮೇಲೆ ಅಮ್ಮನಿಗೋ ಅಪ್ಪನಿಗೋ ಮೈ ಬಿಸಿಯಾಗುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಹೊಸದಲ್ಲ ಅನ್ನುವ ಕಾರಣಕ್ಕೇ ಅದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. "ಮೊದಲು ಕೂಸು ಹುಷಾರಾಗ್ಲಿ, ನಂದು ಆಮೇಲೆ ನೋಡ್ಕಂತೀನಿ" ಅನ್ನುವ ಮಾತು ದಾವಣಗೆರೆಯ ಯಾವ ಬಡಾವಣೆಗೆ ಹೋದರೂ ಕೇಳುತ್ತದೆ. ಆ ಮಾತಿನ ಹಿಂದಿರುವ ಪ್ರೀತಿ ನನಗೆ ಅರ್ಥವಾಗುತ್ತದೆ, ಆದರೆ ಅದನ್ನು ಒಪ್ಪಲಾರೆ. ಯಾವ ಸಿರಪ್, ಎಷ್ಟು ಎಂಎಲ್, ಎಷ್ಟು ಹೊತ್ತಿಗೆ, ಮಗು ಕೊನೆಯ ಸಲ ಉಚ್ಚೆ ಹೊಯ್ದದ್ದು ಯಾವಾಗ, ಬೆಳಿಗ್ಗೆ ಎಷ್ಟು ಗುಟುಕು ಕುಡಿಯಿತು, ಇದೆಲ್ಲ ಮನೆಯಲ್ಲಿ ಒಬ್ಬರ ತಲೆಯಲ್ಲಿ ಮಾತ್ರ ಇರುತ್ತದೆ. ಅವರಿಗೇ 102 ಡಿಗ್ರಿ ಜ್ವರ ಬಂದರೆ ಮಗುವಿನ ಚಿಕಿತ್ಸೆಯ ಲೆಕ್ಕ ತಪ್ಪುತ್ತದೆ. ನಿಮ್ಮ ಕಾಯಿಲೆಯನ್ನು ಮೊದಲ ಲಕ್ಷಣದಲ್ಲೇ ಗಂಭೀರವಾಗಿ ತೆಗೆದುಕೊಳ್ಳುವುದೂ ಮಗುವಿನ ಚಿಕಿತ್ಸೆಯ ಭಾಗವೇ. ಹಾಗೆ ತೆಗೆದುಕೊಂಡರೆ ಏನೇನು ಮಾಡಬೇಕು ಎಂಬುದನ್ನು ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಹಂತ 1: ಗಂಟಲು ಕೆರೆದ ಮೊದಲ ಗಂಟೆಯಲ್ಲೇ

ಗಂಟಲು ಕೆರೆತ, ಮೈಕೈ ನೋವು, ಕಣ್ಣುರಿ, ಹೊಟ್ಟೆ ತೊಳಸುವುದು, ಇವುಗಳಲ್ಲಿ ಯಾವುದೇ ಕಂಡರೂ ಅದೇ ಗಂಟೆಯಲ್ಲಿ ಮೂರು ಕೆಲಸ ಮುಗಿಸಿ. ಆಗ ನಿಮ್ಮ ತಲೆ ಇನ್ನೂ ನೆಟ್ಟಗಿರುತ್ತದೆ, ಕಾಲಲ್ಲಿ ಬಲ ಇರುತ್ತದೆ. ಆರು ಗಂಟೆ ಕಳೆದ ಮೇಲೆ ಇದೇ ಕೆಲಸಗಳು ಬೆಟ್ಟದಷ್ಟಾಗುತ್ತವೆ.

ಮೊದಲು ನಿಮ್ಮ ಜ್ವರವನ್ನು ಥರ್ಮಾಮೀಟರಿನಲ್ಲಿ ನೋಡಿ. ಹಣೆ ಮುಟ್ಟಿ ನೋಡಿಕೊಳ್ಳಬೇಡಿ, ನಿಮ್ಮ ಕೈಯೇ ಬಿಸಿಯಾಗಿದ್ದರೆ ಮಗುವಿನ ಜ್ವರವೂ ಗೊತ್ತಾಗುವುದಿಲ್ಲ, ನಿಮ್ಮದೂ ಗೊತ್ತಾಗುವುದಿಲ್ಲ. 100.4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಜ್ವರ. ಕಂಕುಳಲ್ಲಿ ಇಟ್ಟರೆ ಅಂಕಿ ತುಸು ಕಡಿಮೆಯೇ ತೋರಿಸುತ್ತದೆ ಎಂಬುದು ನೆನಪಿರಲಿ.

ಎರಡನೆಯದು, ಒಬ್ಬರಿಗೆ ಫೋನ್ ಮಾಡಿ "ನನಗೂ ಶುರುವಾಗಿದೆ" ಎಂದು ಹೇಳಿ. ಈ ಹೊತ್ತಿಗೆ ಸಹಾಯ ಕೇಳಬೇಕಾಗಿಲ್ಲ, ತಿಳಿಸಿದರೆ ಸಾಕು.

ಮೂರನೆಯದು, ಮನೆಯಲ್ಲಿ ಏನಿದೆ, ಏನಿಲ್ಲ ನೋಡಿಕೊಂಡು ಮೆಡಿಕಲ್ ಶಾಪಿನಿಂದ ಒಂದೇ ಸಲಕ್ಕೆ ತರಿಸಿ. ಓಆರ್‌ಎಸ್ ಪೊಟ್ಟಣ ಐದಾರು, ಮಗುವಿಗೆ ಡಾಕ್ಟರ್ ಬರೆದ ಪ್ಯಾರಾಸಿಟಮಾಲ್ ಸಿರಪ್, ನಿಮಗೆ ಪ್ಯಾರಾಸಿಟಮಾಲ್ ಮಾತ್ರೆ, ಥರ್ಮಾಮೀಟರಿನ ಸೆಲ್, ನಾಲ್ಕಾರು ಮಾಸ್ಕ್, ಸೋಪು. ರಾತ್ರಿ ಹನ್ನೊಂದಕ್ಕೆ ಸಿರಪ್ ಖಾಲಿಯಾದದ್ದು ಗೊತ್ತಾದರೆ ಜ್ವರದ ಮಗುವನ್ನೂ ಕಟ್ಟಿಕೊಂಡು ಅಂಗಡಿ ಹುಡುಕಬೇಕಾಗುತ್ತದೆ.

ಹಂತ 2: ಬಂದದ್ದು ಯಾವ ಕಾಯಿಲೆ ಇರಬಹುದು

ರೋಗ ಗುರುತಿಸುವುದು ಡಾಕ್ಟರ ಕೆಲಸ. ಆದರೆ ಮಗುವಿಗೂ ನಿಮಗೂ ನಡುವೆ ಎಷ್ಟು ದಿನದ ಅಂತರವಿದೆ ಎಂಬುದು ಅವರಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ಅದನ್ನು ನೀವೇ ಹೇಳಬೇಕು.

ಫ್ಲೂ ಅಂಟಿದರೆ ಒಂದರಿಂದ ನಾಲ್ಕು ದಿನದೊಳಗೆ ಲಕ್ಷಣ ಕಾಣುತ್ತದೆ. ಮಗುವಿಗೆ ಸೋಮವಾರ ಶುರುವಾಗಿ ನಿಮಗೆ ಬುಧವಾರ ಮೈಕೈ ಮುರಿದಂತಾದರೆ ಅದು ಹೆಚ್ಚಾಗಿ ಮಗುವಿನಿಂದ ಬಂದದ್ದೇ. ಗರ್ಭಿಣಿಯರು, ಶುಗರ್ ಇರುವವರು, ಅಸ್ತಮಾ ಇರುವವರು ಮೊದಲ 48 ಗಂಟೆಯೊಳಗೆ ಡಾಕ್ಟರನ್ನು ಕಾಣಬೇಕು. ಫ್ಲೂಗೆ ಕೊಡುವ ವೈರಸ್ ನಿರೋಧಕ ಔಷಧಿ ಆ ಹೊತ್ತಿನಲ್ಲೇ ಚೆನ್ನಾಗಿ ಕೆಲಸ ಮಾಡುತ್ತದೆ.

ವಾಂತಿ-ಭೇದಿಯ ವೈರಸ್‌ಗಳು ಇನ್ನೂ ಬೇಗ ಹಿಡಿಯುತ್ತವೆ, ನೋರೋವೈರಸ್ಸಿಗೆ 12ರಿಂದ 48 ಗಂಟೆ ಸಾಕು. ಮಗುವಿನ ವಾಂತಿ ಒರೆಸಿದ ಮಾರನೇ ದಿನವೇ ನಿಮಗೂ ಶುರುವಾಗುವುದು ಇದರಿಂದಲೇ. ಕೈ-ಕಾಲು-ಬಾಯಿ ರೋಗ ಮೂರರಿಂದ ಆರು ದಿನದಲ್ಲಿ ಕಾಣಿಸಿಕೊಳ್ಳುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ ಹಗುರವಾಗಿಯೇ ಬರುತ್ತದೆ, ಆದರೆ ಬಾಯಿ ಹುಣ್ಣಾಗಿ ನೀರು ಕುಡಿಯುವುದೂ ಕಷ್ಟವಾಗಬಹುದು.

ಮಗುವಿಗೆ ಅಮ್ಮ, ಅಂದರೆ ಚಿಕನ್‌ಪಾಕ್ಸ್ ಎದ್ದಿದ್ದರೆ ಲೆಕ್ಕ ಬೇರೆ. ಅದು ಅಂಟಿ ಕಾಣಿಸಿಕೊಳ್ಳಲು 10ರಿಂದ 21 ದಿನ ಹಿಡಿಯುತ್ತದೆ. ಮಗು ಎದ್ದು ಓಡಾಡುವ ಹೊತ್ತಿಗೆ ನೀವು ಮಲಗುತ್ತೀರಿ. ಚಿಕ್ಕಂದಿನಲ್ಲಿ ಬಾರದವರಿಗೆ ದೊಡ್ಡವರಾದ ಮೇಲೆ ಬಂದರೆ ಅದು ಜೋರಾಗಿರುತ್ತದೆ, ಶ್ವಾಸಕೋಶಕ್ಕೂ ಇಳಿಯಬಹುದು. ಮೊದಲ ಗುಳ್ಳೆ ಕಂಡ ದಿನವೇ ಡಾಕ್ಟರನ್ನು ಕಾಣಿ. ಬೇವಿನ ಸೊಪ್ಪು ಹಾಸಿ, ಮನೆ ಮಡಿ ಮಾಡಿ, ದೇವಿಗೆ ನಡೆದುಕೊಳ್ಳುವವರು ಹಾಗೇ ನಡೆದುಕೊಳ್ಳಿ. ಆದರೆ ಡಾಕ್ಟರ ಹತ್ತಿರ ಹೋಗುವುದನ್ನು ಅದಕ್ಕಾಗಿ ಮುಂದೂಡಬೇಡಿ. ಗರ್ಭಿಣಿಯಾಗಿದ್ದು, ಹಿಂದೆ ಅಮ್ಮ ಬಂದಿಲ್ಲ, ಲಸಿಕೆಯೂ ಆಗಿಲ್ಲ ಅನ್ನುವವರು ಮಗುವಿಗೆ ಗುಳ್ಳೆ ಕಂಡ ದಿನವೇ ಡಾಕ್ಟರಿಗೆ ಫೋನ್ ಮಾಡಬೇಕು, ತಮಗೆ ಕಾಣುವ ತನಕ ಕಾಯಬಾರದು.

ಇನ್ನು ಡೆಂಗಿ. ನಮ್ಮ ಜಿಲ್ಲೆಯವರು ಇದನ್ನು ಬೇರೆಯಾಗಿಯೇ ಯೋಚಿಸಬೇಕು. ಡೆಂಗಿ ಮಗುವನ್ನು ಮುಟ್ಟುವುದರಿಂದಾಗಲಿ, ಅದರ ಎಂಜಲಿನಿಂದಾಗಲಿ ಬರುವುದಿಲ್ಲ, ಈಡಿಸ್ ಸೊಳ್ಳೆಯಿಂದ ಬರುತ್ತದೆ. ಅದು ಹಗಲು ಹೊತ್ತು ಕಚ್ಚುವ ಸೊಳ್ಳೆ. ತಾಯಿ-ಮಗು ಇಬ್ಬರಿಗೂ ಒಂದೇ ವಾರದಲ್ಲಿ ಡೆಂಗಿ ಬಂದರೆ ಇಬ್ಬರನ್ನೂ ಕಚ್ಚಿದ ಸೊಳ್ಳೆ ಹೆಚ್ಚಾಗಿ ಅದೇ ಮನೆಯಲ್ಲೋ ಪಕ್ಕದಲ್ಲೋ ಹುಟ್ಟಿರುತ್ತದೆ. ನಲ್ಲಿ ನೀರು ದಿನಾ ಬಾರದ ಕಡೆ ಡ್ರಮ್ಮು, ತೊಟ್ಟಿ, ಕೊಡ ಎಲ್ಲವನ್ನೂ ತುಂಬಿಸಿ ಇಟ್ಟುಕೊಳ್ಳುತ್ತೇವಲ್ಲ, ಆ ತಿಳಿನೀರಿನಲ್ಲೇ ಅದು ಮೊಟ್ಟೆ ಇಡುತ್ತದೆ, ವಾರ-ಹತ್ತು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ. ನೆಗಡಿ-ಕೆಮ್ಮು ಇಲ್ಲದೆ ಏಕಾಏಕಿ ಜೋರು ಜ್ವರ, ಕಣ್ಣಿನ ಹಿಂದೆ ನೋವು, ಸೊಂಟ-ಕೀಲು ನೋವು ಬಂದಿದ್ದರೆ ಇಬ್ಬರದೂ ರಕ್ತ ಪರೀಕ್ಷೆ ಮಾಡಿಸಿ. ಎನ್‌ಎಸ್1 ಎಂಬ ಡೆಂಗಿ ಪರೀಕ್ಷೆ ಮೊದಲ ಐದು ದಿನಗಳಲ್ಲಿ ಉಪಯೋಗಕ್ಕೆ ಬರುತ್ತದೆ. ಮಗುವಿನ ಪರೀಕ್ಷೆಗೆ ಹೋದಾಗ ನಿಮ್ಮದನ್ನೂ ಅಲ್ಲೇ ಕೊಟ್ಟು ಬನ್ನಿ, ಎರಡನೇ ಸಲ ಹೋಗುವ ಶಕ್ತಿ ಇರುವುದಿಲ್ಲ.

ಹಂತ 3: ತಲೆಯಲ್ಲಿರುವುದನ್ನು ಪುಸ್ತಕಕ್ಕೆ ಇಳಿಸಿ

ಈ ಬರಹದಲ್ಲಿ ಒಂದೇ ಒಂದನ್ನು ಮಾಡುತ್ತೀರಿ ಅನ್ನುವುದಾದರೆ ಇದನ್ನು ಮಾಡಿ. ಮಗನದೋ ಮಗಳದೋ ಹಳೆಯ ನೋಟ್‌ಬುಕ್ ತೆಗೆದುಕೊಳ್ಳಿ. ಮೊದಲ ಪುಟದ ಮೇಲೆ ದೊಡ್ಡ ಅಕ್ಷರದಲ್ಲಿ ಮಗುವಿನ ಹೆಸರು, ವಯಸ್ಸು, ತೂಕ, ಯಾವುದಾದರೂ ಔಷಧಿ ಆಗಿಬರುವುದಿಲ್ಲ ಎಂದಿದ್ದರೆ ಅದು, ಡಾಕ್ಟರ ಫೋನ್ ನಂಬರು ಬರೆಯಿರಿ. ತೂಕ ಮುಖ್ಯ, ಔಷಧಿಯ ಅಳತೆ ನಿಂತಿರುವುದೇ ಅದರ ಮೇಲೆ. ಅದರ ಕೆಳಗೆ ಈ ರೀತಿ:

ಬೆಳಿಗ್ಗೆ 6:10, ಜ್ವರ 101.8, ಪ್ಯಾರಾಸಿಟಮಾಲ್ 250ರ ಸಿರಪ್ 3 ಎಂಎಲ್
7:00, ಉಚ್ಚೆ ಆಯಿತು, ಬಣ್ಣ ಹಳದಿ
8:15, ಗಂಜಿ ಅರ್ಧ ಲೋಟ, ವಾಂತಿ ಇಲ್ಲ
9:40, ಭೇದಿ ಒಂದು ಸಲ, ಓಆರ್‌ಎಸ್ ಅರ್ಧ ಲೋಟ
ಅಮ್ಮ: 8:30, ಜ್ವರ 101, ಒಂದು 650 ಮಾತ್ರೆ

ಕೊನೆಯ ಸಾಲನ್ನು ಮರೆಯಬೇಡಿ. ನಿಮ್ಮ ಜ್ವರ, ನಿಮ್ಮ ಮಾತ್ರೆ ಕೂಡ ಅದೇ ಪುಟದಲ್ಲಿರಬೇಕು. ಜ್ವರದ ಮಂಪರಿನಲ್ಲಿ "ಆಗಲೇ ಕೊಟ್ಟೆನಾ, ಇನ್ನೂ ಕೊಟ್ಟಿಲ್ಲವಾ" ಎಂಬ ಗೊಂದಲ ಎಲ್ಲರಿಗೂ ಆಗುತ್ತದೆ. ಪುಟ ನೋಡಿದರೆ ಉತ್ತರ ಸಿಗುತ್ತದೆ. ಅತ್ತೆಯೋ ತಂಗಿಯೋ ಪಕ್ಕದ ಮನೆಯವರೋ ಬಂದು ಕೈ ಹಾಕಿದಾಗ ನೀವು ಎದ್ದು ಕೂತು ವಿವರಿಸಬೇಕಾಗಿಲ್ಲ. ಆಸ್ಪತ್ರೆಗೆ ಹೋದರೆ ಡ್ಯೂಟಿ ಡಾಕ್ಟರು ಕೇಳುವ ಮುಕ್ಕಾಲು ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇರುತ್ತದೆ. ಬರೆಯಲೂ ಆಗದಿದ್ದರೆ ಮನೆಯವರ ವಾಟ್ಸ್‌ಆಪ್ ಗ್ರೂಪಿಗೆ ಧ್ವನಿ ಸಂದೇಶ ಕಳಿಸಿ, ಸಮಯ ತಾನೇ ದಾಖಲಾಗುತ್ತದೆ.

ಹಂತ 4: ಮಗುವಿನ ಸಿರಪ್ ಬಾಟಲಿಯ ಸಣ್ಣ ಅಕ್ಷರ

ಪ್ಯಾರಾಸಿಟಮಾಲ್ ಮೂರು ಬಗೆಯಲ್ಲಿ ಮನೆಗೆ ಬಂದಿರುತ್ತದೆ. ಕೂಸುಗಳಿಗೆ ಕೊಡುವ ಡ್ರಾಪ್ಸ್‌ನ 1 ಎಂಎಲ್‌ನಲ್ಲಿ 100 ಮಿಲಿಗ್ರಾಂ ಇರುತ್ತದೆ. ಒಂದು ಸಿರಪ್ಪಿನ 5 ಎಂಎಲ್‌ನಲ್ಲಿ 120 ಅಥವಾ 125 ಮಿಲಿಗ್ರಾಂ, ಇನ್ನೊಂದರ 5 ಎಂಎಲ್‌ನಲ್ಲಿ 250. ಬಾಟಲಿಗಳು ನೋಡಲು ಒಂದೇ ತರಹ, ಬಣ್ಣವೂ ಹೆಚ್ಚುಕಡಿಮೆ ಅದೇ. ಕಣ್ಣು ಮಂಜಾದ ತಾಯಿ ರಾತ್ರಿ ಎರಡು ಗಂಟೆಗೆ ಮೊಬೈಲ್ ಬೆಳಕಿನಲ್ಲಿ ಡ್ರಾಪ್ಸನ್ನು 120ರ ಸಿರಪ್ಪಿನ ಅಳತೆಯಲ್ಲಿ ಕೊಟ್ಟರೆ ಮಗುವಿನ ಹೊಟ್ಟೆಗೆ ನಾಲ್ಕು ಪಟ್ಟು ಔಷಧಿ ಹೋಗುತ್ತದೆ.

ಹಾಗಾಗಿ ಈಗಲೇ, ಹಗಲಲ್ಲೇ, ಬಳಸುವ ಒಂದು ಬಾಟಲಿ ಮಾತ್ರ ಹೊರಗಿಟ್ಟು ಉಳಿದವನ್ನು ಕಪಾಟಿಗೆ ಹಾಕಿ. ಹೊರಗಿಟ್ಟದ್ದರ ಮೇಲೆ ಬಿಳಿ ಪಟ್ಟಿ ಅಂಟಿಸಿ, ಉದಾಹರಣೆಗೆ "3 ಎಂಎಲ್, 6 ಗಂಟೆಗೊಮ್ಮೆ, ಜ್ವರ ಇದ್ದರೆ ಮಾತ್ರ" ಎಂದು ದಪ್ಪ ಪೆನ್ನಿನಲ್ಲಿ ಬರೆಯಿರಿ. ಸಾಮಾನ್ಯ ಲೆಕ್ಕ ಅಂದರೆ ಮಗುವಿನ ಪ್ರತಿ ಕಿಲೋ ತೂಕಕ್ಕೆ ಒಂದು ಸಲಕ್ಕೆ 15 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. 10 ಕಿಲೋ ಮಗುವಿಗೆ 150 ಮಿಲಿಗ್ರಾಂ, ಅಂದರೆ 250ರ ಸಿರಪ್ಪಿನಲ್ಲಿ 3 ಎಂಎಲ್, 120ರದ್ದಾದರೆ ಸುಮಾರು 6 ಎಂಎಲ್, ಡ್ರಾಪ್ಸಾದರೆ ಒಂದೂವರೆ ಎಂಎಲ್. ನಿಮ್ಮ ಮಗುವಿನ ಅಳತೆಯನ್ನು ಡಾಕ್ಟರ ಹತ್ತಿರ ಒಮ್ಮೆ ಖಚಿತ ಮಾಡಿಕೊಂಡೇ ಪಟ್ಟಿಯ ಮೇಲೆ ಬರೆಯಿರಿ. ಅಡುಗೆಮನೆಯ ಚಮಚದಲ್ಲಿ ಅಳೆಯಬೇಡಿ, ಸಿರಿಂಜ್ ಅಥವಾ ಬಾಟಲಿಯ ಜೊತೆ ಬಂದ ಮುಚ್ಚಳದಲ್ಲೇ ಅಳೆಯಿರಿ.

ಜ್ವರ ಬೇಗ ಇಳಿಯಲಿ ಎಂದು ನಿಮೆಸುಲೈಡ್ ಕೊಡಬೇಡಿ, 12 ವರ್ಷದೊಳಗಿನ ಮಕ್ಕಳಿಗೆ ಅದು 2011ರಿಂದಲೇ ನಿಷೇಧ. ಆಸ್ಪಿರಿನ್ ಕೂಡದು. ಕೆಮ್ಮು-ನೆಗಡಿಯ ಸಿರಪ್ಪನ್ನು ಎರಡು ವರ್ಷದೊಳಗಿನವರಿಗೆ ಕೊಡಬಾರದು, ಐದರ ಒಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಮಧ್ಯಪ್ರದೇಶದಲ್ಲಿ ವಿಷ ಬೆರೆತ ಸಿರಪ್ಪಿನಿಂದ ಮಕ್ಕಳು ಸತ್ತ ಮೇಲೆ, 2025ರ ಅಕ್ಟೋಬರಿನಲ್ಲಿ, ಕೇಂದ್ರ ಆರೋಗ್ಯ ಇಲಾಖೆ ರಾಜ್ಯಗಳಿಗೆ ತಿಳಿಸಿದೆ. ಒಂದು ವರ್ಷ ದಾಟಿದ ಮಗುವಿನ ಕೆಮ್ಮಿಗೆ ಅರ್ಧ ಚಮಚ ಜೇನುತುಪ್ಪ ಸಾಕು. ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಲೇಬಾರದು.

ಹಂತ 5: ನಿಮ್ಮ ಮಾತ್ರೆಗಳು

ಮೆಡಿಕಲ್ ಶಾಪಿನವರು ಕೊಡುವ ನೆಗಡಿ ಮಾತ್ರೆಗಳ ಬಹುಪಾಲಿನಲ್ಲಿ ಪ್ಯಾರಾಸಿಟಮಾಲ್ ಸೇರಿಯೇ ಇರುತ್ತದೆ. ಅದನ್ನು ನುಂಗಿ, ಮೇಲೊಂದು ಡೋಲೊ 650 ಹಾಕಿಕೊಂಡರೆ ಎರಡು ಡೋಸ್ ಆಯಿತು. ಪಟ್ಟಿಯ ಹಿಂದೆ ಓದಿ ನೋಡಿ, ಎರಡರಲ್ಲೂ ಅದೇ ಹೆಸರಿದ್ದರೆ ಒಂದನ್ನು ಬಿಡಿ. 650ರ ಮಾತ್ರೆ ಆರು ಗಂಟೆಗೆ ಒಂದರಂತೆ ದಿನಕ್ಕೆ ನಾಲ್ಕು ದಾಟಬಾರದು. ಲಿವರ್ ತೊಂದರೆ ಇರುವವರು, ದಿನಾ ಕುಡಿಯುವವರು, ತೂಕ ತೀರಾ ಕಡಿಮೆ ಇರುವವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಅದೇ ನೆಗಡಿ ಮಾತ್ರೆಯಿಂದ ನಿದ್ದೆ ಒತ್ತಿಕೊಂಡು ಬರುತ್ತದೆ. ಮಗುವಿನ ಪಕ್ಕ ಒಬ್ಬರೇ ಇರುವ ರಾತ್ರಿ ಅದು ಒಳ್ಳೆಯದಲ್ಲ. ಮಗು ನರಳಿದ್ದು ಕೇಳುವುದಿಲ್ಲ. ಪುಟ್ಟ ಕೂಸಾದರೆ ನಿಮ್ಮ ಮೈ, ನಿಮ್ಮ ಕಂಬಳಿ ಅದರ ಮುಖದ ಮೇಲೆ ಬೀಳಬಹುದು. ನಿದ್ದೆ ಬರಿಸುವ ಮಾತ್ರೆ ತೆಗೆದುಕೊಂಡ ರಾತ್ರಿ ಕೂಸನ್ನು ನಿಮ್ಮ ಹಾಸಿಗೆಯಲ್ಲಿ ಮಲಗಿಸಬೇಡಿ. ಕೈಗೆಟಕುವ ದೂರದಲ್ಲಿ ತೊಟ್ಟಿಲಿನಲ್ಲೋ ಬೇರೆ ಚಾಪೆಯ ಮೇಲೋ ಇರಲಿ.

ಡೆಂಗಿ ಅಲ್ಲ ಎಂದು ಗೊತ್ತಾಗುವ ತನಕ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಇಬ್ಬರಿಗೂ ಬೇಡ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. "ಒಂದು ಇಂಜೆಕ್ಷನ್ ಹಾಕಿಬಿಡ್ರಿ, ನಾಳೆ ಕೆಲಸಕ್ಕೆ ಹೋಗ್ಬೇಕು" ಎಂದು ಕೇಳುವುದು ನಮ್ಮಲ್ಲಿ ರೂಢಿ. ಆ ಇಂಜೆಕ್ಷನ್ ಹೆಚ್ಚಾಗಿ ಇದೇ ಗುಂಪಿನ ನೋವಿನ ಔಷಧಿಯಾಗಿರುತ್ತದೆ. ಮಗುವಿಗೆಂದು ಬರೆದ ಆ್ಯಂಟಿಬಯೋಟಿಕ್ಕನ್ನು ನೀವು ಕುಡಿಯುವುದು, ನಿಮ್ಮದನ್ನು ಮುರಿದು ಮಗುವಿಗೆ ಕೊಡುವುದು ಎರಡೂ ಬೇಡ.

ಹಂತ 6: ಹಾಲೂಡಿಸುವ ತಾಯಿ

"ಜ್ವರದ ಹಾಲು ಕೊಡಬ್ಯಾಡ, ಕೂಸಿಗೆ ಆಗಲ್ಲ" ಎಂದು ಹಿರಿಯರು ತಡೆಯುತ್ತಾರೆ. ಕೊಡಬೇಕು. ನೆಗಡಿ, ಫ್ಲೂ, ಭೇದಿ, ಡೆಂಗಿ, ಟೈಫಾಯಿಡ್ ಇವುಗಳಲ್ಲಿ ಯಾವುದಕ್ಕೂ ಎದೆಹಾಲು ನಿಲ್ಲಿಸುವ ಅಗತ್ಯವಿಲ್ಲ. ನಿಮ್ಮ ಮೈ ಆ ರೋಗದ ವಿರುದ್ಧ ತಯಾರಿಸುವ ಪ್ರತಿಕಾಯಗಳು ಹಾಲಿನಲ್ಲೇ ಕೂಸಿಗೆ ಹೋಗುತ್ತವೆ, ಭೇದಿಯಾದ ಕೂಸಿಗೆ ಅದಕ್ಕಿಂತ ಒಳ್ಳೆಯ ದ್ರವ ಇಲ್ಲ. ಕೆಮ್ಮು-ನೆಗಡಿ ಇದ್ದರೆ ಮಾಸ್ಕ್ ಹಾಕಿ, ಕೈ ತೊಳೆದು ಹಾಲೂಡಿಸಿ. ಪ್ಯಾರಾಸಿಟಮಾಲ್‌ನಿಂದ ತೊಂದರೆಯಿಲ್ಲ. ಬೇರೆ ಯಾವ ಔಷಧಿ ಬರೆಸಿಕೊಂಡರೂ "ಹಾಲು ಕೊಡ್ತಿದೀನಿ" ಎಂದು ಡಾಕ್ಟರಿಗೆ ಹೇಳಲು ಮರೆಯಬೇಡಿ. ಎದ್ದು ಕೂರಲಾಗದಿದ್ದರೆ ಪಕ್ಕಕ್ಕೆ ಮಲಗಿ ಕೊಡಬಹುದು, ಆದರೆ ಆಗ ಇನ್ನೊಬ್ಬರು ಎಚ್ಚರವಾಗಿ ಪಕ್ಕದಲ್ಲಿರಬೇಕು. ಜ್ವರದಲ್ಲಿ ಹಾಲು ಕಡಿಮೆಯಾದಂತೆ ಕಾಣುತ್ತದೆ. ನೀವು ನೀರು ಕುಡಿಯದಿರುವುದೂ ಅದಕ್ಕೆ ಒಂದು ಕಾರಣ.

ಹಂತ 7: ಕುಡಿಯುವುದು, ಉಣ್ಣುವುದು

ಓಆರ್‌ಎಸ್ ಪೊಟ್ಟಣ ದೊಡ್ಡದಾದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಪೂರ್ತಿ ಹಾಕಿ. ಚಿಕ್ಕದಾದರೆ ಅದರ ಮೇಲೆ ಬರೆದಷ್ಟೇ ನೀರು, ಸಾಮಾನ್ಯವಾಗಿ 200 ಎಂಎಲ್. ಅರ್ಧ ಪೊಟ್ಟಣ ಅಂದಾಜಿನಲ್ಲಿ ಕಲಸಬೇಡಿ, ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಕಲಸಿದ್ದನ್ನು 24 ಗಂಟೆಯಾದ ಮೇಲೆ ಚೆಲ್ಲಿ. ಪೊಟ್ಟಣ ಸಿಗದ ಹೊತ್ತಿಗೆ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ತಲೆ ಸವರಿದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಂಗಡಿಯ ಫ್ರಿಜ್ಜಿನಲ್ಲಿರುವ ಸಿಹಿ ಪ್ಯಾಕೆಟ್ ಪಾನೀಯಗಳು ಓಆರ್‌ಎಸ್ ಅಲ್ಲ, ಅವುಗಳಲ್ಲಿರುವ ಸಕ್ಕರೆಯಿಂದ ಭೇದಿ ಇನ್ನೂ ಹೆಚ್ಚುತ್ತದೆ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಎಂಎಲ್, ದೊಡ್ಡ ಮಕ್ಕಳಿಗೆ 100ರಿಂದ 200. ವಾಂತಿ ಮಾಡಿಕೊಂಡರೆ ಹತ್ತು ನಿಮಿಷ ಬಿಟ್ಟು, ಮತ್ತೆ ಒಂದೊಂದೇ ಚಮಚ. ಜೊತೆಗೆ ಡಾಕ್ಟರು ಬರೆಯುವ ಜಿಂಕ್ 14 ದಿನದ್ದು, ಭೇದಿ ನಿಂತಿತೆಂದು ನಡುವೆ ಬಿಡಬೇಡಿ. ನಿಮಗೂ ಇದೇ ಓಆರ್‌ಎಸ್ ಆಗುತ್ತದೆ. ಮಗುವಿಗೆ ಒಂದು ಲೋಟ ಕುಡಿಸಿದಾಗಲೆಲ್ಲ ನಿಮಗೊಂದು ಲೋಟ ಎಂದು ಕಟ್ಟು ಹಾಕಿಕೊಳ್ಳಿ, ಇಲ್ಲದಿದ್ದರೆ ಸಂಜೆಯ ತನಕ ಗುಟುಕು ನೀರೂ ಇಳಿದಿರುವುದಿಲ್ಲ.

ಅಡುಗೆ ಹಗುರವಾಗಿರಲಿ. ಬೆಳಿಗ್ಗೆ ಒಂದೇ ಸಲ ಕುಕ್ಕರಿನಲ್ಲಿ ಅಕ್ಕಿ, ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿದರೆ ಅದೇ ಮಗುವಿಗೆ ಗಂಜಿ, ನಿಮಗೆ ಅನ್ನ. ರಾಗಿ ಅಂಬಲಿ, ಇಡ್ಲಿ, ಬಾಳೆಹಣ್ಣು, ಮೊಸರನ್ನ ಎಲ್ಲ ಆಗುತ್ತದೆ. ಒಲೆ ಹಚ್ಚುವ ಶಕ್ತಿಯೂ ಇಲ್ಲದಿದ್ದರೆ ನಮ್ಮೂರಿನ ಮಂಡಕ್ಕಿಯನ್ನು, ಒಗ್ಗರಣೆ ಹಾಕದ ಬರೀ ಮಂಡಕ್ಕಿಯನ್ನು, ಬಿಸಿ ಹಾಲಿನಲ್ಲಿ ನೆನೆಸಿ ಮೆತ್ತಗೆ ಮಾಡಿ ಕೊಡಬಹುದು. ಭೇದಿ ಇದ್ದರೆ ಹಾಲಿನ ಬದಲು ಬೇಳೆ ಕಟ್ಟಿನಲ್ಲಿ ನೆನೆಸಿ. ಭೇದಿಯಾಗಿದೆ ಎಂದು ಮಗುವನ್ನು ಉಪವಾಸ ಕೆಡವಬೇಡಿ. ಮಿರ್ಚಿ, ಬೆಣ್ಣೆದೋಸೆ ವಾರ ಕಳೆದ ಮೇಲೆ ಆಯಿತು.

ಡೆಂಗಿ ಎಂದು ಗೊತ್ತಾದಾಗ ಪಪ್ಪಾಯಿ ಎಲೆಯ ರಸ ಹಿಂಡಿ ಕುಡಿಸುವವರಿದ್ದಾರೆ. ಆ ಕಹಿಗೆ ಮಗು ಅಲ್ಲಿಯ ತನಕ ಕುಡಿದ ನೀರನ್ನೂ ಕಕ್ಕಿಬಿಟ್ಟರೆ ನಷ್ಟವೇ ಹೆಚ್ಚು. ಡೆಂಗಿಯಲ್ಲಿ ಜೀವ ಉಳಿಸುವುದು ಮೈಯಲ್ಲಿರುವ ನೀರಿನಂಶ.

ಹಂತ 8: ರಾತ್ರಿಗೆ ಮುಂಚೆ

ಕತ್ತಲಾಗುವ ಮೊದಲೇ ಹಾಸಿಗೆಯ ಪಕ್ಕ ಒಂದು ಸ್ಟೂಲ್ ಇಟ್ಟು ಎಲ್ಲವನ್ನೂ ಜೋಡಿಸಿ: ಥರ್ಮಾಸ್‌ನಲ್ಲಿ ಬಿಸಿನೀರು, ಕಲಸಿದ ಓಆರ್‌ಎಸ್, ಸಿರಪ್ ಮತ್ತು ಸಿರಿಂಜ್, ಥರ್ಮಾಮೀಟರ್, ನೋಟ್‌ಬುಕ್-ಪೆನ್ನು, ಟಾರ್ಚ್, ಚಾರ್ಜರ್ ಹಾಕಿದ ಫೋನು. ವಾಂತಿಗೆ ಒಂದು ಬೋಗುಣಿ, ಒರೆಸಲು ಹಳೇ ಪಂಚೆ. ಸಿರಪ್ ಕೊಡಬೇಕಾದ ಹೊತ್ತಿಗೆ ಅಲಾರಂ ಇಡಿ. ಆದರೆ ಮಗು ನೆಮ್ಮದಿಯಾಗಿ ಮಲಗಿದ್ದರೆ ಜ್ವರದ ಔಷಧಿ ಕೊಡಲೆಂದೇ ಎಬ್ಬಿಸಬೇಕಾಗಿಲ್ಲ. ಉಸಿರಾಟ ನೋಡಿ ಮಲಗಿ.

ತಲೆಸುತ್ತು ಇದ್ದಾಗ ಕುದಿಯುವ ನೀರಿನ ಪಾತ್ರೆ ಹಿಡಿದು ಓಡಾಡಬೇಡಿ, ಹಬೆ ತೆಗೆದುಕೊಳ್ಳಲೆಂದು ಅದನ್ನು ಮಗುವಿನ ಹತ್ತಿರ ನೆಲದ ಮೇಲೆ ಇಡಲೂಬೇಡಿ. ಬಚ್ಚಲಿಗೆ ಹೋದಾಗ ಒಳಗಿನಿಂದ ಚಿಲಕ ಹಾಕಿಕೊಳ್ಳಬೇಡಿ.

ಮುಂಬಾಗಿಲ ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಗಂಡ ಲಾರಿ ಮೇಲೆ ಹೋಗಿದ್ದಾನೆ, ಅಥವಾ ಬೆಂಗಳೂರಿನಲ್ಲಿ ಕೆಲಸ, ಮನೆಯಲ್ಲಿ ನೀವಿಬ್ಬರೇ. ಮೇಲಿನ ಚಿಲಕ, ಕೆಳಗಿನ ಅಗುಳಿ ಎರಡನ್ನೂ ಹಾಕಿ ಮಲಗಿದ್ದು, ರಾತ್ರಿ ನಿಮಗೆ ಎಚ್ಚರ ತಪ್ಪಿದರೆ ಹೊರಗಿನವರು ಬಾಗಿಲು ಒಡೆಯಬೇಕು. ಹೊರಗಿನಿಂದ ಕೀಲಿಯಲ್ಲಿ ತೆಗೆಯಬಹುದಾದ ಬೀಗ ಮಾತ್ರ ಹಾಕಿ, ಇನ್ನೊಂದು ಕೀಲಿಯನ್ನು ನಂಬಿಕೆಯ ನೆರೆಯವರಿಗೆ ಕೊಡಿ. ಕೊಟ್ಟು ಹೀಗೆ ಹೇಳಿ: "ಅಕ್ಕಾ, ನಂಗೂ ಜ್ವರ ಬಂದೈತ್ರಿ. ರಾತ್ರಿ ಹತ್ತಕ್ಕೊಂದು, ಬೆಳಿಗ್ಗೆ ಆರಕ್ಕೊಂದು ಫೋನ್ ಮಾಡ್ರಿ. ಎರಡು ಸಲ ಮಾಡಿದ್ರೂ ಎತ್ತಲಿಲ್ಲ ಅಂದ್ರೆ ಬಾಗ್ಲು ತೆಗೆದು ಒಳಗ ಬಂದುಬಿಡ್ರಿ."

ಹಂತ 9: ಕೈ ಜೋಡಿಸಲು ಯಾರನ್ನು ಕರೆಯಬೇಕು

ನಮಗೆ ಮೊದಲು ನೆನಪಾಗುವುದು ಊರಲ್ಲಿರುವ ಅವ್ವ. ಫ್ಲೂ, ವಾಂತಿ-ಭೇದಿ ಆಗಿದ್ದರೆ ಒಮ್ಮೆ ಯೋಚಿಸಿ. ಶುಗರ್, ಬಿಪಿ ಇರುವ ಎಪ್ಪತ್ತರ ಅಜ್ಜಿಗೆ ಅದೇ ಕಾಯಿಲೆ ಅಂಟಿದರೆ ನಿಮಗಿಂತ ಹೆಚ್ಚು ತ್ರಾಸಾಗುತ್ತದೆ. ಅವರನ್ನು ಕರೆಸಲೇಬೇಕಾದರೆ ಅಡುಗೆ, ಬಟ್ಟೆ, ಇನ್ನೊಂದು ಮಗುವಿನ ಜವಾಬ್ದಾರಿ ಕೊಡಿ. ಹುಷಾರಿಲ್ಲದ ಮಗುವನ್ನು ಎತ್ತಿಕೊಳ್ಳುವುದು, ವಾಂತಿ ಒರೆಸುವುದು ಗಟ್ಟಿಮುಟ್ಟಾದ ಒಬ್ಬರ ಪಾಲಿಗಿರಲಿ. ಗರ್ಭಿಣಿ ನಾದಿನಿಯನ್ನೋ ತಂಗಿಯನ್ನೋ ಕರೆಯಬೇಡಿ.

ಮನೆಯೊಳಗೆ ಬಾರದೆಯೂ ಮಾಡುವ ಸಹಾಯ ಎಷ್ಟೋ ಇದೆ. ಬಾಗಿಲ ತನಕ ಊಟದ ಡಬ್ಬಿ, ನೀರು ಬಂದ ದಿನ ಡ್ರಮ್ ತುಂಬಿಸುವುದು, ಮೆಡಿಕಲ್ ಶಾಪಿಗೆ ಹೋಗಿಬರುವುದು, ದೊಡ್ಡ ಮಗನನ್ನು ಶಾಲೆಗೆ ಬಿಡುವುದು. "ಏನಾದ್ರೂ ಬೇಕಾದ್ರೆ ಹೇಳು" ಅಂದವರಿಗೆ ಇದರಲ್ಲಿ ಒಂದನ್ನು ಬಿಡಿಸಿ ಹೇಳಿ, ಸಂಕೋಚ ಬೇಡ. ಹಳ್ಳಿಯಲ್ಲಾದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಓಆರ್‌ಎಸ್ ಪೊಟ್ಟಣ ಅವರ ಹತ್ತಿರ ಇರುತ್ತದೆ. ಗಂಡ ಮನೆಯಲ್ಲಿದ್ದರೆ ರಾತ್ರಿಯನ್ನು ಎರಡು ಪಾಳಿ ಮಾಡಿ. ಹತ್ತರಿಂದ ಎರಡರ ತನಕ ಒಬ್ಬರು, ಎರಡರಿಂದ ಆರರ ತನಕ ಇನ್ನೊಬ್ಬರು. ನಾಲ್ಕು ಗಂಟೆ ಕಡಿಯದ ನಿದ್ದೆ ಸಿಕ್ಕರೆ ಕಾಯಿಲೆಯ ಮೈ ತಡೆದುಕೊಳ್ಳುತ್ತದೆ.

ಕೈ ತೊಳೆಯುವ ಬಗ್ಗೆ ಒಂದು ಮಾತು. ವಾಂತಿ-ಭೇದಿಯಲ್ಲಿ ಸ್ಯಾನಿಟೈಸರ್ ನಂಬಬೇಡಿ, ನೋರೋವೈರಸ್ ಅದಕ್ಕೆ ಜಗ್ಗುವುದಿಲ್ಲ. ಸೋಪು, ಹರಿಯುವ ನೀರು, ಎರಡೂ ಕೈ ಚೆನ್ನಾಗಿ ಉಜ್ಜುವುದು, ಅಷ್ಟೇ. ನಲ್ಲಿ ಬಾರದ ದಿನ ಇನ್ನೊಬ್ಬರು ಚೊಂಬಿನಲ್ಲಿ ನೀರು ಬಿಡಲಿ. ತಟ್ಟೆ, ಲೋಟ, ಟವೆಲ್ ಬೇರೆ ಇರಲಿ, ಮಗು ಬಿಟ್ಟ ಗಂಜಿಯನ್ನು ನೀವು ಮುಗಿಸಬೇಡಿ.

ಹಂತ 10: ಮನೆಯಲ್ಲಿ ಇನ್ನು ಆಗದು ಎಂದು ತಿಳಿಯುವುದು ಹೇಗೆ

ಮಗುವಿಗೆ ಇವುಗಳಲ್ಲಿ ಒಂದು ಕಂಡರೂ ಹೊರಡಿ: ಹಾಲು-ನೀರು ಏನನ್ನೂ ಕುಡಿಯುತ್ತಿಲ್ಲ, ಕುಡಿದದ್ದೆಲ್ಲ ವಾಂತಿಯಾಗುತ್ತಿದೆ, ಫಿಟ್ಸ್ ಬಂತು, ಎಬ್ಬಿಸಿದರೂ ಕಣ್ಣು ಬಿಡುತ್ತಿಲ್ಲ, ಆರರಿಂದ ಎಂಟು ಗಂಟೆ ಉಚ್ಚೆ ಇಲ್ಲ, ಭೇದಿಯಲ್ಲಿ ರಕ್ತ, ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆ. ಮಗು ಅಳದೆ ಸುಮ್ಮನಿದ್ದಾಗ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40, ಇಷ್ಟಾದರೆ ಅಥವಾ ದಾಟಿದರೆ ಅದು ವೇಗದ ಉಸಿರು. ಎರಡು ತಿಂಗಳು ತುಂಬದ ಕೂಸಿಗೆ ಜ್ವರ ಬಂದರೆ ಇದ್ಯಾವುದಕ್ಕೂ ಕಾಯಬೇಡಿ.

ನಿಮಗೆ: ಉಸಿರು ಕಟ್ಟುವುದು, ಎದೆ ನೋವು, ಮಾತು ತೊದಲುವುದು ಅಥವಾ ಗೊಂದಲ, ಎದ್ದು ನಿಂತರೆ ಕಣ್ಣು ಕತ್ತಲೆ, ನೀರೂ ಹೊಟ್ಟೆಯಲ್ಲಿ ನಿಲ್ಲದಿರುವುದು, ಮೂರು ದಿನವಾದರೂ ಇಳಿಯದ ಜ್ವರ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇದ್ದು ಅದು 94ಕ್ಕಿಂತ ಕೆಳಗೆ ತೋರಿಸಿದರೂ ಹೊರಡಿ. ಇವಿಷ್ಟೂ ಅಲ್ಲದೆ ಇನ್ನೊಂದು ಇದೆ, ಅದನ್ನು ನಾನು ಇವುಗಳಷ್ಟೇ ದೊಡ್ಡದೆಂದು ಎಣಿಸುತ್ತೇನೆ: ಮಗುವನ್ನು ಎತ್ತಿಕೊಂಡು ನಿಲ್ಲಲು ನಿಮಗೆ ಆಗುತ್ತಿಲ್ಲ, ನಿಮ್ಮ ಬದಲಿಗೆ ನಿಲ್ಲುವವರೂ ಇಲ್ಲ. ಮಗುವಿನ ಜ್ವರ ಸಣ್ಣದೇ ಇದ್ದರೂ ಆಗ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಸರಿಯಲ್ಲ. ಡಾಕ್ಟರಿಗೆ ಇದನ್ನೇ ನೇರವಾಗಿ ಹೇಳಿ.

ಡೆಂಗಿಯಲ್ಲಿ ಜ್ವರ ಇಳಿದ ದಿನವೇ ಎಚ್ಚರ ಹೆಚ್ಚಬೇಕು. ಮೂರನೇ ದಿನದಿಂದ ಏಳನೇ ದಿನದೊಳಗೆ ಜ್ವರ ಬಿಟ್ಟ ಮೇಲಿನ ಒಂದೆರಡು ದಿನಗಳಲ್ಲೇ ಅಪಾಯ ಬರುವುದು. ತಾಯಿ "ಅಬ್ಬಾ, ಬಿಡ್ತು" ಎಂದು ಮಲಗುವ ಹೊತ್ತೂ ಅದೇ. ಹೊಟ್ಟೆನೋವು, ಬಿಡದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ಕಪ್ಪು ಮಲ, ತಣ್ಣಗಾದ ಕೈಕಾಲು, ಚಡಪಡಿಕೆ ಕಂಡರೆ ತಡಮಾಡಬೇಡಿ.

ದಾವಣಗೆರೆಯಲ್ಲಿ ಸರ್ಕಾರಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ಮಕ್ಕಳಿಗೆಂದೇ ಬಾಪೂಜಿ ಮಕ್ಕಳ ಆಸ್ಪತ್ರೆ ಇದೆ. ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯವರು ಮೊದಲು ತಾಲೂಕು ಆಸ್ಪತ್ರೆಗೆ ಹೋಗಿ, ಬೇಕಾದರೆ ಅಲ್ಲಿಂದ ಕಳಿಸುತ್ತಾರೆ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಉಚಿತ. "ಇಬ್ಬರು ರೋಗಿಗಳಿದ್ದೇವೆ, ತಾಯಿ ಮತ್ತು ಮಗು" ಎಂದು ಮೊದಲ ಮಾತಿನಲ್ಲೇ ಹೇಳಿ. ಹೋಗಬೇಕೋ ಬೇಡವೋ ಎಂಬ ಅನುಮಾನವಿದ್ದರೆ 104 ಆರೋಗ್ಯ ಸಹಾಯವಾಣಿಗೆ ಕೇಳಿ. ಜ್ವರದ ಮೈಯಲ್ಲಿ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಸ್ಕೂಟರ್ ಓಡಿಸಬೇಡಿ, ಆಟೋ ಹಿಡಿಯಿರಿ.

ಚೀಲದಲ್ಲಿ ಆಧಾರ್, ರೇಷನ್ ಕಾರ್ಡ್, ಮಗುವಿನ ತಾಯಿ ಕಾರ್ಡ್, ಹಳೆಯ ಚೀಟಿಗಳು, ಆ ನೋಟ್‌ಬುಕ್ ಇರಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಗೆ ಅವಕಾಶವಿದೆ, ದಾಖಲಾಗುವಾಗಲೇ ಆ ಕೌಂಟರಿನಲ್ಲಿ ವಿಚಾರಿಸಿ. ಇಬ್ಬರೂ ದಾಖಲಾಗಬೇಕಾಗಿ ಬಂದು, ಮನೆಯಲ್ಲಿ ಉಳಿಯುವ ಇನ್ನೊಂದು ಮಗುವನ್ನು ನೋಡುವವರು ಯಾರೂ ಇಲ್ಲದಿದ್ದರೆ 1098 ಮಕ್ಕಳ ಸಹಾಯವಾಣಿಗೆ ತಿಳಿಸಬಹುದು.

ಹಂತ 11: ಎದ್ದ ಮೇಲೆ

ಮಗು ನಿಮಗಿಂತ ಮೊದಲು ಎದ್ದು ಆಡಲು ಶುರುಮಾಡುತ್ತದೆ. ನಿಮ್ಮ ಸುಸ್ತು ಇನ್ನೂ ವಾರ-ಹತ್ತು ದಿನ ಇರುತ್ತದೆ, ಡೆಂಗಿಯಾದರೆ ಅದಕ್ಕಿಂತ ಹೆಚ್ಚು. ಬಿದ್ದ ಬಟ್ಟೆಯನ್ನೆಲ್ಲ ಒಂದೇ ದಿನ ಒಗೆಯಲು ಹೋಗಬೇಡಿ. ಆದರೆ ಡ್ರಮ್ಮು-ತೊಟ್ಟಿಗಳನ್ನು ಯಾರ ಕೈಲಾದರೂ ಖಾಲಿ ಮಾಡಿಸಿ, ಒಳಗಿನ ಗೋಡೆ ತಿಕ್ಕಿ ತೊಳೆಸಿ, ಒಣಗಿಸಿ ಮುಚ್ಚಳ ಹಾಕಿಸಿ. ವಾರಕ್ಕೊಂದು ದಿನ ಇದು ನಡೆಯಬೇಕು. ಸೊಳ್ಳೆಯ ಮೊಟ್ಟೆ ಡ್ರಮ್ಮಿನ ಗೋಡೆಗೆ ಅಂಟಿರುತ್ತದೆ, ಬರೀ ನೀರು ಚೆಲ್ಲಿದರೆ ಹೋಗುವುದಿಲ್ಲ.

ನಿಮ್ಮ ಕೆಮ್ಮು ಎರಡು ವಾರ ದಾಟಿದರೆ, ಸಂಜೆ ಹೊತ್ತು ಮೈ ಬಿಸಿಯಾಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಅದನ್ನು ಮಗುವಿನಿಂದ ಬಂದ ನೆಗಡಿಯ ಉಳಿಕೆ ಅಂದುಕೊಳ್ಳಬೇಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ದುಡ್ಡಿಲ್ಲ. ಕ್ಷಯ ಎಂದು ಬಂದರೆ ಔಷಧಿಯೂ ಉಚಿತ. ಅದೇ ಮನೆಯಲ್ಲಿರುವ ಮಕ್ಕಳನ್ನೂ ತಪಾಸಣೆ ಮಾಡಿ, ಐದು ವರ್ಷದೊಳಗಿನವರಿಗೆ ಕ್ಷಯ ಇಲ್ಲದಿದ್ದರೂ ಅದು ಬಾರದಂತೆ ತಡೆಯುವ ಮಾತ್ರೆಯನ್ನು ಅಲ್ಲೇ ಕೊಡುತ್ತಾರೆ.